ಅಡಿಕೆಗೆ ಸಾವುಂಟು, ಮೆಣಸಿನ ಬಳ್ಳಿಗಿಲ್ಲ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಾವ ತೋಟಕ್ಕೆ ಇಳಿದರೂ ಅಡಿಕೆ ಮರ ಮತ್ತು ಅದನ್ನು ತಬ್ಬಿದ ಕಾಳುಮೆಣಸಿನ ಬಳ್ಳಿ ಜೊತೆಜೊತೆಯಾಗಿ ಕಾಣುತ್ತವೆ. ಮಣ್ಣು, ಮಳೆ, ಗೊಬ್ಬರ ಎಲ್ಲವೂ ಎರಡಕ್ಕೂ ಒಂದೇ. ಸಾವಿನ ವಿಷಯದಲ್ಲಿ ಮಾತ್ರ ಎರಡರ ದಾರಿ ಬೇರೆ. ಅಡಿಕೆ ಮರಕ್ಕಿರುವುದು ಒಂದೇ ಸುಳಿ. ಅದು ಕೊಳೆತರೆ ಮರದ ಕಥೆ ಮುಗಿಯಿತು, ಕಾಂಡದ ಬೇರೆಲ್ಲಿಂದಲೂ ಚಿಗುರು ಹೊರಡುವುದಿಲ್ಲ. ಹೊಸ ಮರ ಬೇಕಿದ್ದರೆ ಬೀಜದ ಅಡಿಕೆಯನ್ನೇ ಹಾಕಬೇಕು. ಎದ್ದ ಸಸಿ ತಾಯಿಮರದ ಮಗು, ತಾಯಿಮರವಲ್ಲ.

ಮೆಣಸಿನ ಬಳ್ಳಿಗೆ ಗಿಣ್ಣು ಗಿಣ್ಣಿನಲ್ಲೂ ಚಿಗುರೊಡೆಯುವ ಒಂದು ಕಣ್ಣು, ಜೊತೆಗೆ ಬೇರು ಬಿಡುವ ಶಕ್ತಿ. ಬುಡದಿಂದ ಹೊರಟ ಹಬ್ಬು ಬಳ್ಳಿ ನೆಲಕ್ಕೆ ತಾಗಿ ಬೇರೂರದಂತೆ ಗೂಟಕ್ಕೆ ಸುತ್ತಿಟ್ಟು, ಫೆಬ್ರುವರಿ-ಮಾರ್ಚ್‌ನಲ್ಲಿ ಕತ್ತರಿಸುತ್ತಾರೆ. ತುದಿಯ ಎಳೆ ಭಾಗ, ಬುಡದ ಬಲಿತ ಭಾಗ ಬೇಡ. ನಡುವಿನ ಭಾಗದಿಂದ ಎರಡು-ಮೂರು ಗಿಣ್ಣಿನ ತುಂಡು ತೆಗೆದು, ತೊಟ್ಟು ಉಳಿಸಿ ಎಲೆ ಸವರುತ್ತಾರೆ. ಎಲೆ ಬಿಟ್ಟರೆ ಬೇರು ಮೂಡುವ ಮೊದಲೇ ಅದು ನೀರು ಕಳೆದು ತುಂಡನ್ನು ಒಣಗಿಸುತ್ತದೆ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ ತುಂಬಿದ ಕೊಟ್ಟೆಯಲ್ಲಿ ಒಂದು ಗಿಣ್ಣಾದರೂ ಮಣ್ಣೊಳಗೆ ಹೋಗಬೇಕು. ನೆರಳಿರಬೇಕು, ಬುಡದಲ್ಲಿ ನೀರು ನಿಲ್ಲಬಾರದು. ನಿಂತರೆ ಶಿಲೀಂಧ್ರದಂಥ ಫೈಟೊಫ್ಥೊರಾ ರೋಗಾಣು ಬೇರು ಹಿಡಿಯುತ್ತದೆ.

ಹೀಗೆ ಎದ್ದದ್ದು ತಾಯಿಬಳ್ಳಿಯ ಮಗಳಲ್ಲ, ತಾಯಿಬಳ್ಳಿಯೇ. 1971ರಲ್ಲಿ ಬಿಡುಗಡೆಯಾದ ಪನ್ನಿಯೂರು-1 ತಳಿಯನ್ನೇ ನೋಡಿ. ಕೇರಳದಲ್ಲಿ ಎರಡು ತಳಿಗಳನ್ನು ಕೂಡಿಸಿ ಪಡೆದ ಒಂದು ಸಸಿಯಿಂದ ಶುರುವಾದದ್ದು ಇದು. ಮಲೆನಾಡಿನ ಪ್ರತಿ ಪನ್ನಿಯೂರು-1 ಬಳ್ಳಿಯೂ ಅದೇ ಸಸಿಯ ತುಂಡಿನ ತುಂಡು. ಈ ಸಾವಿಲ್ಲದ ಬದುಕಿಗೆ ಬೆಲೆಯೂ ಇದೆ. ಎಲೆ ಸಣ್ಣದಾಗಿ, ಹಳದಿ ಮಚ್ಚೆ ಬಿದ್ದು, ಗಿಣ್ಣುಗಳು ಒತ್ತೊತ್ತಾದ ಬಳ್ಳಿಯಲ್ಲಿ ಕುಬ್ಜ ರೋಗದ ವೈರಸ್ ಇರುತ್ತದೆ. ಅದಕ್ಕೆ ಔಷಧಿಯಿಲ್ಲ. ದೇಹ ಒಂದೇ ಆದ್ದರಿಂದ ರೋಗವೂ ತುಂಡಿನ ಜೊತೆಗೇ ಹೋಗುತ್ತದೆ. ತಾಯಿಬಳ್ಳಿ ಆರಿಸುವಾಗ ಕಣ್ಣು ಚುರುಕಾಗಿರಬೇಕು ಎನ್ನುವುದು ಇದಕ್ಕೇ.

ಕತ್ತರಿಸಿದರೂ ಬದುಕುವ ಗುಣವನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಗುರುತಿಸಿದ್ದರು. ಅಮೃತಬಳ್ಳಿಗೆ ಆಯುರ್ವೇದದ ನಿಘಂಟುಗಳಲ್ಲಿ ‘ಛಿನ್ನರುಹಾ’ ಎಂಬ ಹೆಸರಿದೆ, ಕಡಿದರೂ ಬೆಳೆಯುವಂಥದ್ದು ಎಂದರ್ಥ. ಮರದ ಮೇಲೆ ಹಬ್ಬಿದ ಬಳ್ಳಿಯ ಬುಡ ಕಡಿದರೆ ಮೇಲಿನ ತುಂಡು ಕಾಂಡದಲ್ಲಿ ಕೂಡಿಟ್ಟ ನೀರಿನ ಮೇಲೆ ಜೀವ ಹಿಡಿದು, ದಾರದಂಥ ಬೇರನ್ನು ನೆಲದವರೆಗೂ ಇಳಿಬಿಡುತ್ತದೆ. ಬಳ್ಳಿಯ ಈ ಗುಣ ಅದರ ಕಷಾಯ ಕುಡಿದವರಿಗೂ ಬರುತ್ತದೆ ಎಂದುಕೊಳ್ಳುವುದು ಮಾತ್ರ ತಪ್ಪು. ಕೋವಿಡ್ ಕಾಲದಲ್ಲಿ ಇದರ ಕಷಾಯವನ್ನು ವಾರಗಟ್ಟಲೆ ಕುಡಿದ ಕೆಲವರಿಗೆ ಯಕೃತ್ತಿನ ಉರಿಯೂತ ಬಂದದ್ದನ್ನು ಭಾರತದ ವೈದ್ಯರೇ ದಾಖಲಿಸಿದ್ದಾರೆ.

ಸಾಯದಿರುವುದು ಎಂದರೆ ಏನು ಎಂಬ ಪ್ರಶ್ನೆಯನ್ನು ಇದೇ ಶಿವಮೊಗ್ಗ ಜಿಲ್ಲೆಯ ಒಬ್ಬರ ಕಥೆ ತೀಕ್ಷ್ಣವಾಗಿ ಎತ್ತುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮಪ್ರಭು ಗೋರಕ್ಷನನ್ನು ಎದುರುಗೊಂಡ ಪ್ರಸಂಗವನ್ನು 15ನೇ ಶತಮಾನದ ಚಾಮರಸ ತನ್ನ ‘ಪ್ರಭುಲಿಂಗಲೀಲೆ’ಯಲ್ಲಿ ಹೇಳುತ್ತಾನೆ. ಗೋರಕ್ಷ ಸಿದ್ಧಿಯಿಂದ ದೇಹವನ್ನು ವಜ್ರ ಮಾಡಿಕೊಂಡವನು. ಅಲ್ಲಮ ಕತ್ತಿಯಿಂದ ಹೊಡೆದಾಗ ಆ ದೇಹ ಕಡಿಯಲಿಲ್ಲ, ಸದ್ದು ಮಾಡಿತು. ಗೋರಕ್ಷ ತಿರುಗಿ ಬೀಸಿದಾಗ ಕತ್ತಿ ಅಲ್ಲಮನ ದೇಹದಲ್ಲಿ ಬಯಲಿನಲ್ಲಿ ಆಡಿದ ಹಾಗೆ ಆಡಿತು. ಬದಲಾಗದೆ ಗಟ್ಟಿಯಾಗಿ ಉಳಿಯುವುದು ಒಂದು, ಹಿಡಿದುಕೊಳ್ಳುವುದಕ್ಕೇ ಏನೂ ಇಲ್ಲದಿರುವುದು ಇನ್ನೊಂದು. ಗದ್ದೆಯ ಬದುವಿನಲ್ಲಿ ಒರಗಿ ನಿಂತ ವೀರಗಲ್ಲುಗಳ ಪ್ರಸಿದ್ಧ ಶ್ಲೋಕವೂ ದೇಹವನ್ನು ವಜ್ರ ಎನ್ನುವುದಿಲ್ಲ: ‘ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ’. ಕ್ಷಣಕ್ಷಣವೂ ಅಳಿಯುವ ಈ ದೇಹಕ್ಕೆ ರಣದಲ್ಲಿ ಸಾವು ಬಂದರೆ ಚಿಂತೆಯೇಕೆ?

ಶರೀರಶಾಸ್ತ್ರದ ಕಣ್ಣಿನಿಂದ ನೋಡಿದರೆ ಈ ಸಾಲು ಅಕ್ಷರಶಃ ನಿಜ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಕಣಗಳು ಅಳಿದು ಅಷ್ಟೇ ಹುಟ್ಟುತ್ತವೆ. ಕರುಳಿನ ಒಳಪದರ ಮೂರರಿಂದ ಐದು ದಿನಕ್ಕೆ ಹೊಸದಾಗುತ್ತದೆ. ಹೀಗೆ ಹೊಸದಾಗುತ್ತಲೇ ಇದ್ದರೆ ಸಾಯಬೇಕೇಕೆ? 20ನೇ ಶತಮಾನದ ಮೊದಲರ್ಧದಲ್ಲಿ ವಿಜ್ಞಾನಿಗಳೂ ಹಾಗೆಯೇ ನಂಬಿದ್ದರು. ಅಲೆಕ್ಸಿಸ್ ಕ್ಯಾರೆಲ್ 1912ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದ ಕೋಳಿಯ ಹೃದಯದ ಕೋಶಗಳ ಕೃಷಿ 1946ರವರೆಗೂ ನಡೆಯಿತು. ಅವುಗಳಿಗೆ ಉಣಿಸುತ್ತಿದ್ದ ಭ್ರೂಣದ ರಸದಲ್ಲೇ ಹೊಸ ಕೋಶಗಳು ಸೇರಿಕೊಳ್ಳುತ್ತಿದ್ದವು ಎನ್ನುವುದು ಇವತ್ತಿನ ವಿವರಣೆ. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಮನುಷ್ಯರ ಕೋಶಗಳು ಸುಮಾರು 50 ಸಲ ವಿಭಜನೆಯಾಗಿ ನಿಲ್ಲುತ್ತವೆ ಎಂದು ತೋರಿಸಿದರು. 20 ಸಲ ಆದ ಮೇಲೆ ಹೆಪ್ಪುಗಟ್ಟಿಸಿಟ್ಟು ಮತ್ತೆ ಕರಗಿಸಿದರೆ ಉಳಿದ 30ನ್ನಷ್ಟೇ ಮುಗಿಸುತ್ತವೆ. ಲೆಕ್ಕ ಇರುವುದು ವರ್ಣತಂತುಗಳ ತುದಿಯ ಟೆಲೊಮಿಯರ್‌ನಲ್ಲಿ. ಪ್ರತಿ ವಿಭಜನೆಗೂ ಅದು ಸ್ವಲ್ಪ ಸ್ವಲ್ಪ ಸವೆಯುತ್ತದೆ. ಸವೆತ ತುಂಬಿಕೊಡುವ ಟೆಲೊಮರೇಸ್ ಕಿಣ್ವವನ್ನು ಕ್ಯಾರಲ್ ಗ್ರೈಡರ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್ 1984ರಲ್ಲಿ ಕೊಳದ ನೀರಿನ ಏಕಕೋಶ ಜೀವಿಯೊಂದರಲ್ಲಿ ಕಂಡರು. ಹಾಗಾದರೆ ಎಲ್ಲ ಕೋಶಗಳಲ್ಲೂ ಅದನ್ನು ಚಾಲೂ ಮಾಡಬಾರದೇ? ಬಹುಪಾಲು ಕ್ಯಾನ್ಸರ್ ಕೋಶಗಳು ಅದನ್ನು ತಾವಾಗಿಯೇ ಚಾಲೂ ಮಾಡಿಕೊಂಡಿರುತ್ತವೆ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ತಾಯಿಯನ್ನು ಕೊಂದ ಗಡ್ಡೆಯ ಕೋಶಗಳು ಜಗತ್ತಿನ ಪ್ರಯೋಗಾಲಯಗಳಲ್ಲಿ ಇವತ್ತಿಗೂ ಬೆಳೆಯುತ್ತಿವೆ.

ಗಡ್ಡೆಯಾಗದೆ ಸದಾ ಹೊಸದಾಗುವ ಪ್ರಾಣಿಯೂ ಇದೆ. ನಿಂತ ತಿಳಿನೀರಿನ ಕೆರೆ-ಹೊಂಡಗಳಲ್ಲಿ ಬದುಕುವ ಹೈಡ್ರಾ. ನೋಡಬೇಕಿದ್ದರೆ ಒಂದು ಹಿಡಿ ನೀರುಸೊಪ್ಪನ್ನು ಅದೇ ಕೆರೆಯ ನೀರಿನಲ್ಲಿ ಗಾಜಿನ ಜಾಡಿಗೆ ಹಾಕಿ, ಅಲುಗಾಡಿಸದೆ ಬೆಳಕಿನ ಹತ್ತಿರ ಇಡಿ. ಬಿಸಿಲಿಗಲ್ಲ, ನೀರು ಕಾದರೆ ಸಾಯುತ್ತದೆ. ಕ್ಲೋರಿನ್ ಇರುವ ನಲ್ಲಿನೀರೂ ಆಗದು. ಕೆಲವು ಗಂಟೆಗಳಲ್ಲಿ ಗಾಜಿನ ಗೋಡೆಯ ಮೇಲೆ ಅರ್ಧ-ಒಂದು ಸೆಂಟಿಮೀಟರಿನ, ತುದಿ ಸಿಗಿದ ನೂಲಿನಂಥದ್ದು ಚಾಚಿಕೊಂಡು ಕಂಡರೆ ಅದೇ. ಮುಟ್ಟಿದರೆ ಸಾಸಿವೆಯಷ್ಟಾಗಿ ಮುದುಡುತ್ತದೆ. ಅದರ ಮೈನಡುವಿನ ಕೋಶಗಳು ಸದಾ ವಿಭಜನೆಯಾಗುತ್ತ, ಹಳೆಯವನ್ನು ತುದಿಗಳಿಗೆ ತಳ್ಳಿ ಉದುರಿಸುತ್ತವೆ. ಮೂರು ವಾರದ ಆಸುಪಾಸಿನಲ್ಲಿ ಇಡೀ ದೇಹವೇ ಹೊಸದು. 2,256 ಹೈಡ್ರಾಗಳನ್ನು ಎಂಟು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಸಾದಂತೆ ಸಾವಿನ ಸಂಭವ ಏರಲೇ ಇಲ್ಲ.

ಆದರೆ ಹೈಡ್ರಾಕ್ಕೆ ಮೆದುಳಿಲ್ಲ. ಮೆಣಸಿನ ಬಳ್ಳಿಗೂ ಇಲ್ಲ. ನನಗೆ ಇಡೀ ವಿಷಯದ ಗಂಟು ಇಲ್ಲಿದೆ ಅನ್ನಿಸುತ್ತದೆ. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ನಮ್ಮ ಡಿಎನ್‌ಎಗೂ ಸೇರಿತು. ಅದನ್ನು ಅಳೆದು ಸ್ವೀಡನ್ನಿನ ಯೋನಾಸ್ ಫ್ರೀಸೆನ್ ತಂಡ 2005ರಿಂದ ಕೋಶಗಳ ವಯಸ್ಸು ಪತ್ತೆ ಮಾಡುತ್ತ ಬಂತು. ಹೃದಯದ ಸ್ನಾಯುಕೋಶಗಳು 25ರ ಹರೆಯದಲ್ಲೂ ವರ್ಷಕ್ಕೆ ಶೇ. 1ರಷ್ಟೇ ಬದಲಾಗುತ್ತವೆ. ಮೆದುಳಿನ ಹೊರಪದರದ ನರಕೋಶಗಳಿಗೋ ನಮ್ಮಷ್ಟೇ ವಯಸ್ಸು. ಅಂದರೆ ಯಾವುದನ್ನು ‘ನಾನು’ ಎಂದು ಉಳಿಸಿಕೊಳ್ಳಲು ಹಂಬಲಿಸುತ್ತೇವೋ ಅದು ನಿಂತಿರುವುದು ಬದಲಾಗದ ಕೋಶಗಳ ಮೇಲೆ. ಹೈಡ್ರಾದ ಹಾಗೆ ಅವನ್ನೂ ಉದುರಿಸಿ ಹೊಸದು ತುಂಬಿದರೆ ದೇಹ ಉಳಿದೀತು, ನೆನಪು ಉಳಿಯುವುದು ಕಷ್ಟ. ಮಾಸದ ಗಾಯ ಹೊತ್ತು ಅಲೆಯುವ ಅಶ್ವತ್ಥಾಮನದು ಇದರ ತಿರುಗುಮುರುಗು: ನೆನಪೆಲ್ಲ ಉಳಿದಿದೆ, ದೇಹ ಹೊಸದಾಗುವುದಿಲ್ಲ.

ಕೋಶವನ್ನು ಬದಲಿಸದೆ, ಇದ್ದ ಕೋಶವನ್ನೇ ಎಳೆಯದಾಗಿಸಲು ಬರುತ್ತದೆಯೇ? ಇದಕ್ಕೂ ಮೆಣಸಿನ ಬಳ್ಳಿಯಲ್ಲಿ ಸುಳಿವಿದೆ. ಹಬ್ಬು ಬಳ್ಳಿಯ ಬದಲು ಗೊಂಚಲು ಬಿಡುವ ಅಡ್ಡ ರೆಂಬೆಯನ್ನು ನೆಟ್ಟರೆ ಅದು ಮರ ಹತ್ತುವುದಿಲ್ಲ, ಕುಂಡದಲ್ಲೇ ಪೊದೆಯಾಗಿ ಕಾಯಿ ಬಿಡುತ್ತದೆ. ನರ್ಸರಿಯವರು ಬುಷ್ ಪೆಪ್ಪರ್ ಎಂದು ಮಾರುವುದು ಇದನ್ನೇ. ಡಿಎನ್‌ಎ ಒಂದೇ ಆದರೂ ರೆಂಬೆಗೆ ತಾನು ರೆಂಬೆ ಎಂಬ ಗುರುತು ಅಂಟಿಕೊಂಡಿದೆ. ನಮ್ಮ ಕೋಶಗಳಿಗೂ ಇಂಥ ಗುರುತು ಇರುತ್ತದೆ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ನಾಲ್ಕು ವಂಶವಾಹಿಗಳಿಂದ ಇಲಿಯ ಚರ್ಮದ ಕೋಶದ ಗುರುತು ಅಳಿಸಿ, ಅದನ್ನು ಭ್ರೂಣದ ಸ್ಥಿತಿಗೆ ಒಯ್ದರು. ಜೀವಂತ ಇಲಿಯಲ್ಲಿ ಇವನ್ನು ಬಿಡದೆ ಚಾಲೂ ಇಟ್ಟರೆ ಗಡ್ಡೆಗಳೇಳುತ್ತವೆ. 2016ರಲ್ಲಿ ಬೇಗ ಮುಪ್ಪಾಗುವ ಇಲಿಗಳಲ್ಲಿ ಎರಡು ದಿನ ಚಾಲೂ, ಐದು ದಿನ ಬಂದ್ ಎಂಬ ಕ್ರಮ ಹಿಡಿದಾಗ ಅವುಗಳ ಆಯಸ್ಸು ಹೆಚ್ಚಿತು. 2020ರಲ್ಲಿ ಕ್ಯಾನ್ಸರ್ ಅಪಾಯವಿರುವ ಸಿ-ಮಿಕ್ ವಂಶವಾಹಿಯನ್ನು ಬಿಟ್ಟು ಉಳಿದ ಮೂರನ್ನಷ್ಟೇ ಇಲಿಯ ಕಣ್ಣಿಗೆ ಕೊಟ್ಟರು. ಜಜ್ಜಿದ ದೃಷ್ಟಿನರದಲ್ಲಿ ತಂತುಗಳು ಮತ್ತೆ ಬೆಳೆದವು, ಗ್ಲಾಕೋಮಾ ಆದ ಇಲಿಗಳಿಗೆ ಕಳೆದ ದೃಷ್ಟಿ ಒಂದಷ್ಟು ಮರಳಿತು. ಆ ನರಕೋಶಗಳು ಹೊಸದಾಗಿ ಹುಟ್ಟಿದವಲ್ಲ, ಮೊದಲಿನವೇ.