ಮೂರು ಡ್ರಾ, ಒಂದು 93ನೇ ನಿಮಿಷ: ಐಸ್‌ಲ್ಯಾಂಡ್ ಮಹಿಳಾ ಫುಟ್‌ಬಾಲ್ ತಂಡವನ್ನು ಓದುವ ಬಗೆ

ಐಸ್‌ಲ್ಯಾಂಡ್ ತಂಡದ ಬಗ್ಗೆ ಓದಲು ಕೂತಾಗ ಎಲ್ಲರ ಕಣ್ಣು ಮೊದಲು ಹೋಗುವುದು ಜನಸಂಖ್ಯೆಯ ಕಡೆಗೆ. ನಾಲ್ಕು ಲಕ್ಷವೂ ಇಲ್ಲದ ದೇಶ, ಆದರೂ 2009, 2013, 2017, 2022, 2025, ಹೀಗೆ ಸತತ ಐದು ಯುರೋ ಕಪ್‌ಗಳಲ್ಲಿ ಅವರ ಹುಡುಗಿಯರು ಆಡಿದ್ದಾರೆ. ಸಣ್ಣ ಮಾತಲ್ಲ. ಆದರೆ 2023ರವರೆಗೆ ನಡೆದ ಒಂದು ವಿಶ್ವಕಪ್‌ಗೂ ಅವರಿಗೆ ಹೋಗಲು ಆಗಲಿಲ್ಲ. ಯುರೋಪಿನಲ್ಲಿ ಇಷ್ಟು ಗಟ್ಟಿಯಾಗಿ ನಿಂತ ತಂಡ ಅಲ್ಲಿಗೆ ಯಾಕೆ ತಲುಪಲಿಲ್ಲ? ಈ ಪ್ರಶ್ನೆ ಹಿಡಿದು ಓದಿದರೆ ತಂಡ ಅರ್ಥವಾಗುತ್ತದೆ. ನನಗೆ ಸಿಕ್ಕಿದ ಉತ್ತರ ಇಷ್ಟು: ಸಣ್ಣ ದೇಶದ ತಂಡದ ಆಟ ಓದಿದರೆ ಸಾಲದು, ಟೂರ್ನಿಯ ನಿಯಮವನ್ನೂ ಜೊತೆಗಿಟ್ಟುಕೊಂಡು ಓದಬೇಕು.

ಮೊದಲು ಹೆಸರುಗಳ ವಿಷಯ, ಯಾಕೆಂದರೆ ಹೊಸಬರು ಇಲ್ಲೇ ಎಡವುತ್ತಾರೆ. ಎಲ್ಲರ ಹೆಸರೂ ‘ದೊಟಿರ್’ ಅಂತ ಮುಗಿಯುತ್ತದೆ ಅಲ್ವಾ? ದೊಟಿರ್ ಅಂದರೆ ಮಗಳು. ಗುನ್ನರ್ ಅನ್ನುವವರ ಮಗಳು ಗುನ್ನರ್ಸ್‌ದೊಟಿರ್. ಅದು ಮನೆತನದ ಹೆಸರಲ್ಲ, ಹಾಗಾಗಿ ಅಲ್ಲಿ ಪ್ರಧಾನಿಯನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ. ನಾನೂ ಇಲ್ಲಿ ಮುಂದೆ ಸಾರಾ, ದಾಗ್ನಿ, ಸ್ವೇಂದಿಸ್ ಅಂತಲೇ ಬರೆಯುತ್ತೇನೆ.

ತಂಡದ ಮೊದಲ ಪಂದ್ಯ ನಡೆದದ್ದು 1981ರ ಸೆಪ್ಟೆಂಬರ್‌ನಲ್ಲಿ, ಸ್ಕಾಟ್ಲೆಂಡ್‌ನ ಕಿಲ್ಮಾರ್ನಕ್‌ನಲ್ಲಿ. 2–3ರಿಂದ ಸೋತರು. 1994ರಲ್ಲಿ ಯುರೋ ಕ್ವಾರ್ಟರ್‌ಫೈನಲ್‌ವರೆಗೆ ಬಂದು (ಆಗ ಆ ಹಂತ ಒಂದೇ ಕಡೆ ಸೇರಿ ಆಡುವ ಟೂರ್ನಿಯಾಗಿರಲಿಲ್ಲ, ಎರಡೂ ದೇಶಗಳ ನೆಲದಲ್ಲಿ ಒಂದೊಂದು ಪಂದ್ಯ) ಇಂಗ್ಲೆಂಡ್ ಎದುರು ಎರಡೂ ಪಂದ್ಯ 1–2ರಿಂದ ಕಳೆದುಕೊಂಡರು. ಒಂದೊಂದೇ ಗೋಲಿನ ಅಂತರ, ಗಮನಿಸಿ. ಇದು ಮತ್ತೆ ಮತ್ತೆ ಬರುತ್ತದೆ.

ಬಾಗಿಲು ತೆರೆದದ್ದು 2008ರ ಅಕ್ಟೋಬರ್ 30ರಂದು. ಯುರೋ 2009ಕ್ಕೆ ಹೋಗಲು ಐರ್ಲೆಂಡ್ ಜೊತೆ ಪ್ಲೇಆಫ್, ಡಬ್ಲಿನ್‌ನಲ್ಲಿ ಮೊದಲ ಪಂದ್ಯ 1–1 ಆಗಿತ್ತು. ಎರಡನೆಯದು ಐಸ್‌ಲ್ಯಾಂಡ್ ರಾಜಧಾನಿ ರೇಕ್ಯಾವಿಕ್‌ನಲ್ಲಿ. ಮೈದಾನ ಹೆಪ್ಪುಗಟ್ಟಿತ್ತು. ಹುಲ್ಲಿನ ಮೇಲೆ ಮಂಜುಗಡ್ಡೆ, ಓಡುವವರ ಕಾಲು ಜಾರುತ್ತಿತ್ತು, ಚೆಂಡು ಎಲ್ಲಿ ಹೇಗೆ ಪುಟಿಯುತ್ತದೆ ಅಂತ ಯಾರಿಗೂ ಅಂದಾಜಿಲ್ಲ. ಐಸ್‌ಲ್ಯಾಂಡ್ 3–0ಯಿಂದ ಗೆದ್ದಿತು. ಅದೇ ತಿಂಗಳ ಆರಂಭದಲ್ಲಿ ದೇಶದ ಮೂರು ದೊಡ್ಡ ಬ್ಯಾಂಕ್‌ಗಳು ಕುಸಿದು ಬಿದ್ದಿದ್ದವು, ಜನರ ಉಳಿತಾಯ ಕರಗಿಹೋಗಿತ್ತು. ಅಂಥ ಹೊತ್ತಿನಲ್ಲಿ ಆ ದೇಶದಿಂದ ಸೀನಿಯರ್ ಫುಟ್‌ಬಾಲ್ ತಂಡವೊಂದು ಮೊದಲ ಸಲ ದೊಡ್ಡ ಟೂರ್ನಿಗೆ ಹೊರಟಿತು. ಪುರುಷರ ತಂಡ ಯುರೋಗೆ ಬಂದದ್ದು 2016ರಲ್ಲಿ, ಅಂದರೆ ಹುಡುಗಿಯರು ಅವರಿಗಿಂತ ಏಳು ವರ್ಷ ಮುಂಚೆ. ಇದನ್ನು ಜೋರಾಗಿ ಹೇಳುವವರು ಕಡಿಮೆ, ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಆ ಕಾಲದ ದೊಡ್ಡ ಹೆಸರು ಮಾರ್ಗ್ರೆಟ್ ಲಾರಾ ವಿದಾರ್ಸ್‌ದೊಟಿರ್. 124 ಪಂದ್ಯಗಳಲ್ಲಿ 79 ಗೋಲು. ಹುಟ್ಟೂರು ದಕ್ಷಿಣದ ವೆಸ್ಟ್‌ಮನ್ ದ್ವೀಪಗಳು, ಅಲ್ಲಿ ಇರುವುದೇ ನಾಲ್ಕು ಸಾವಿರ ಚಿಲ್ಲರೆ ಜನ.

ಇನ್ನು ಆಟಗಾರ್ತಿಯರು ಎಲ್ಲಿಂದ ಬರುತ್ತಾರೆ? ಚಳಿಗಾಲದಲ್ಲಿ ಅಲ್ಲಿ ಹಗಲು ನಾಲ್ಕೈದು ಗಂಟೆ ಮಾತ್ರ, ಅದರ ಮೇಲೆ ಗಾಳಿ. ಹೊರಗೆ ಆಡುವುದು ಕಷ್ಟ. 2000ದಲ್ಲಿ ರೇಕ್ಯಾನೆಸ್‌ಬೈರ್ ಅನ್ನುವ ಊರಿನಲ್ಲಿ ಪೂರ್ತಿ ಅಳತೆಯ ಮೈದಾನವನ್ನೇ ಛಾವಣಿಯ ಕೆಳಗೆ ತಂದರು. ಆಮೇಲೆ ಬೇರೆ ಊರುಗಳಲ್ಲೂ ಇಂಥ ಹಾಲ್‌ಗಳು ಎದ್ದವು. ಜೊತೆಗೆ, ಪುಟ್ಟ ಮಕ್ಕಳಿಗೂ ತರಬೇತಿ ಪಡೆದು ಲೈಸೆನ್ಸ್ ಇರುವ ಕೋಚ್‌ಗಳು, ಅದೂ ಸಂಬಳಕ್ಕೆ. ಒಂದೇ ಕ್ಲಬ್ಬಿನಲ್ಲಿ ಹುಡುಗ ಹುಡುಗಿ ಇಬ್ಬರೂ ಕಲಿಯುತ್ತಾರೆ. ಜನ ಕಡಿಮೆ ಇರುವ ದೇಶಕ್ಕೆ ಒಬ್ಬ ಹುಡುಗಿಯೂ ಸುಮ್ನೆ ಕೈಬಿಟ್ಟು ಹೋಗಬಾರದು, ನನ್ನ ಪ್ರಕಾರ ಈ ವ್ಯವಸ್ಥೆಯ ತಿರುಳು ಅದು. ಆ ಮೊದಲ ಹಾಲ್ ಎದ್ದ ಮರುವರ್ಷ, 2001ರಲ್ಲಿ, ಹುಟ್ಟಿದ ಹುಡುಗಿ ಸ್ವೇಂದಿಸ್ ಜೇನ್ ಯೋನ್ಸ್‌ದೊಟಿರ್. ಆಕೆ ಆ ಊರಿನ ಭಾಗವೇ ಆದ ಕೆಪ್ಲಾವಿಕ್‌ನವಳು. ಆಕೆಯ ವಿಷಯ ಕೊನೆಗೆ ಬರುತ್ತದೆ.

ಈಗ ನಿಯಮದ ಭಾಗ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

2013ರಲ್ಲಿ ಸ್ವೀಡನ್‌ನಲ್ಲಿ ನಡೆದ ಯುರೋದಲ್ಲಿ ಇದ್ದದ್ದು 12 ತಂಡ, ಮೂರು ಗುಂಪು. ಪ್ರತಿ ಗುಂಪಿನಿಂದ ಮೊದಲ ಎರಡು ತಂಡ, ಜೊತೆಗೆ ಮೂರನೇ ಸ್ಥಾನದವರಲ್ಲಿ ಇಬ್ಬರು ಕ್ವಾರ್ಟರ್‌ಫೈನಲ್‌ಗೆ. ಐಸ್‌ಲ್ಯಾಂಡ್ ನಾರ್ವೆ ಜೊತೆ 1–1, ಜರ್ಮನಿ ಎದುರು 0–3, ಕೊನೆಗೆ ದಾಗ್ನಿ ಬ್ರಿನ್ಯಾರ್ಸ್‌ದೊಟಿರ್ ಹೊಡೆದ ಗೋಲಿನಿಂದ ನೆದರ್ಲೆಂಡ್ಸ್ ಎದುರು 1–0. ನಾಲ್ಕು ಅಂಕ, ಗುಂಪಿನಲ್ಲಿ ಮೂರನೇ ಸ್ಥಾನ, ಆದರೂ ಮುಂದಕ್ಕೆ ಹೋದರು. ಕ್ವಾರ್ಟರ್‌ಫೈನಲ್‌ನಲ್ಲಿ ಸ್ವೀಡನ್ 4–0ಯಿಂದ ಸೋಲಿಸಿತು, ಅದು ಬೇರೆ ಮಾತು.

2022ಕ್ಕೆ ಬನ್ನಿ. ಈಗ 16 ತಂಡ, ನಾಲ್ಕು ಗುಂಪು, ಮೊದಲ ಇಬ್ಬರಿಗೆ ಮಾತ್ರ ದಾರಿ. ಬೆಲ್ಜಿಯಂ ಜೊತೆ 1–1, ಇಟಲಿ ಜೊತೆ 1–1. ಫ್ರಾನ್ಸ್ ಪಂದ್ಯದ ಮೊದಲ ನಿಮಿಷದಲ್ಲೇ ಗೋಲು ಬಿಟ್ಟುಕೊಟ್ಟರು, ಆಮೇಲೆ ಪಂದ್ಯವಿಡೀ ಬೆನ್ನಟ್ಟಿ, 90 ನಿಮಿಷ ಮುಗಿದ ಮೇಲೆ ರೆಫರಿ ಸೇರಿಸಿದ ಸಮಯದ 12ನೇ ನಿಮಿಷದಲ್ಲಿ ದಾಗ್ನಿ ಪೆನಾಲ್ಟಿ ಹೊಡೆದು 1–1 ಮಾಡಿದಳು. ಮೂರು ಪಂದ್ಯ, ಒಂದೂ ಸೋಲಿಲ್ಲ. ಆದರೂ ಮನೆಗೆ. ಇಟಲಿಯನ್ನು ಸೋಲಿಸಿದ ಬೆಲ್ಜಿಯಂಗೆ ನಾಲ್ಕು ಅಂಕ, ಇವರಿಗೆ ಮೂರು. ಗೆಲುವಿಗೆ ಮೂರು ಅಂಕ, ಡ್ರಾಗೆ ಒಂದು ಅನ್ನುವ ಲೆಕ್ಕದಲ್ಲಿ ಮೂರು ಡ್ರಾ ಸೇರಿದರೆ ಒಂದು ಗೆಲುವಿನಷ್ಟೇ. ಸೋಲದೆ ಇರುವುದು ಮತ್ತು ಗೆಲ್ಲುವುದು ಬೇರೆ ಬೇರೆ ಅನ್ನುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಎರಡು ತಿಂಗಳೂ ಆಗಿರಲಿಲ್ಲ, ಅದಕ್ಕಿಂತ ದೊಡ್ಡ ಪೆಟ್ಟು ಬಿತ್ತು. 2022ರ ಸೆಪ್ಟೆಂಬರ್ 6, ನೆದರ್ಲೆಂಡ್ಸ್‌ನ ಉಟ್ರೆಕ್ಟ್. ವಿಶ್ವಕಪ್ ಅರ್ಹತಾ ಗುಂಪಿನ ಕೊನೆಯ ಪಂದ್ಯ. ಐಸ್‌ಲ್ಯಾಂಡ್ 18 ಅಂಕ, ನೆದರ್ಲೆಂಡ್ಸ್ 17. ಡ್ರಾ ಆದರೆ ಸಾಕು, ಚರಿತ್ರೆಯಲ್ಲೇ ಮೊದಲ ವಿಶ್ವಕಪ್. ನೆದರ್ಲೆಂಡ್ಸ್ ಒಂದರ ಮೇಲೊಂದು ದಾಳಿ ಮಾಡಿತು, ಗೋಲ್‌ಕೀಪರ್ ಸಾಂಡ್ರಾ ಸಿಗುರ್ದರ್‌ದೊಟಿರ್ ಒಂದೊಂದನ್ನೇ ತಡೆಯುತ್ತಾ ಬಂದಳು. 90 ನಿಮಿಷ ಕಳೆಯಿತು, 0–0. 93ನೇ ನಿಮಿಷದಲ್ಲಿ ಎಸ್ಮೆ ಬ್ರುಕ್ಟ್ಸ್ ಬದಿಯಿಂದ ಹೊಡೆದ ಚೆಂಡು ಎಲ್ಲರ ತಲೆ ದಾಟಿ ಸೀದಾ ಬಲೆಗೆ ಬಿತ್ತು. ಇನ್ನೇನು ಸೀಟಿ ಊದಬೇಕಿತ್ತು. ಈ ಪಂದ್ಯದ ಬಗ್ಗೆ ಬರೆಯುವಾಗ ಈಗಲೂ ನನಗೆ ಸಂಕಟವಾಗುತ್ತದೆ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಎರಡನೇ ಸ್ಥಾನದವರಿಗೆ ಪ್ಲೇಆಫ್ ಇತ್ತು, ಅದೂ ಒಂದೇ ಪಂದ್ಯ, ಪೋರ್ಚುಗಲ್ ನೆಲದಲ್ಲಿ. ಎರಡನೇ ಅರ್ಧದಲ್ಲಿ ರೆಡ್ ಕಾರ್ಡ್ ಬಿದ್ದು ಹತ್ತು ಜನ ಉಳಿದರು. ಆದರೂ ಗ್ಲೋದಿಸ್ ಪೆರ್ಲಾ ವಿಗ್ಗೋಸ್‌ದೊಟಿರ್ ಗೋಲು ಹೊಡೆದು 1–1 ಮಾಡಿದಳು. ಎಕ್ಸ್‌ಟ್ರಾ ಟೈಮ್‌ನಲ್ಲಿ ಕಾಲು ಸೋತಿತು, 1–4.

ಆಮೇಲೆ ಬಂದದ್ದು ನೇಷನ್ಸ್ ಲೀಗ್. ಯುರೋಪಿನ ತಂಡಗಳನ್ನು ಎ, ಬಿ, ಸಿ ಅಂತ ಮೂರು ಮಟ್ಟಕ್ಕೆ ಹಂಚುತ್ತಾರೆ. ಯುರೋ 2025ಕ್ಕೆ ನೇರ ಟಿಕೆಟ್ ಇದ್ದದ್ದು ಎ ಮಟ್ಟದ ಪ್ರತಿ ಗುಂಪಿನ ಮೊದಲ ಇಬ್ಬರಿಗೆ. ಹಾಗಾಗಿ 2024ರ ಫೆಬ್ರುವರಿಯಲ್ಲಿ ಸೆರ್ಬಿಯಾ ಎದುರು 1–1, 2–1 ಮಾಡಿ ಎಯಲ್ಲೇ ಉಳಿದುಕೊಂಡದ್ದು ಮುಖ್ಯ ತಿರುವು. ಸುದ್ದಿಯಲ್ಲಿ ಇದು ಜಾಸ್ತಿ ಬರಲಿಲ್ಲ. ಎಲ್ಲರಿಗೂ ನೆನಪಿರುವುದು ಅದೇ ಜುಲೈನಲ್ಲಿ ರೇಕ್ಯಾವಿಕ್‌ನಲ್ಲಿ ಜರ್ಮನಿಯನ್ನು 3–0ಯಿಂದ ಸೋಲಿಸಿ ಯುರೋ ಟಿಕೆಟ್ ಪಡೆದದ್ದು. ಫೆಬ್ರುವರಿ ಇಲ್ಲದೆ ಜುಲೈ ಇಲ್ಲ.

ಮೈದಾನದ ಹೊರಗಿನ ಒಂದು ವಿಷಯವನ್ನು ಬಿಡುವಂತಿಲ್ಲ. ಸಾರಾ ಬ್ಯೋರ್ಕ್ ಗುನ್ನರ್ಸ್‌ದೊಟಿರ್, 145 ಪಂದ್ಯ ಆಡಿದ ನಾಯಕಿ, 2020ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಫ್ರಾನ್ಸ್‌ನ ಲಿಯಾನ್ ಕ್ಲಬ್ ಪರ ಗೋಲು ಹೊಡೆದವಳು. ಗರ್ಭಿಣಿಯಾಗಿದ್ದಾಗ ಪೂರ್ತಿ ಸಂಬಳ ಬರಲಿಲ್ಲ ಅಂತ ಫಿಫಾ ನ್ಯಾಯಮಂಡಳಿಗೆ ಹೋದಳು. ತೀರ್ಪು ಆಕೆಯ ಪರ ಬಂತು, ಕ್ಲಬ್ 82 ಸಾವಿರ ಯೂರೋಗೂ ಹೆಚ್ಚು ಕೊಡಬೇಕಾಯಿತು. ಮಗು ಹೆತ್ತ ಎಂಟು ತಿಂಗಳಿಗೆ ಆಕೆ ಯುರೋ 2022ರಲ್ಲಿ ತಂಡವನ್ನು ಮುನ್ನಡೆಸುತ್ತಿದ್ದಳು. ಆ ಮೂರು ಡ್ರಾಗಳನ್ನು ಓದುವಾಗ ಇದೂ ನೆನಪಿರಲಿ.

ಕೊನೆಗೆ ಸ್ವೇಂದಿಸ್ ಎಸೆತ. ಚೆಂಡು ಬದಿಗೆರೆ ದಾಟಿದರೆ ಬೇರೆ ತಂಡಗಳು ಹತ್ತಿರದವರಿಗೆ ಎಸೆದು ಆಟ ಮುಂದುವರಿಸುತ್ತವೆ. ಈಕೆ ಹಾಗಲ್ಲ. ಕೆಲವು ಹೆಜ್ಜೆ ಹಿಂದೆ ಸರಿದು, ಓಡಿ ಬಂದು, ಬೆನ್ನು ಬಿಲ್ಲಿನಂತೆ ಬಾಗಿಸಿ ಎಸೆದರೆ ಚೆಂಡು ಗೋಲಿನ ಬಾಯಿಗೇ ಬಂದು ಬೀಳುತ್ತದೆ. ನಿಯಮದ ಲಾಭವೂ ಇದೆ: ಕೈ ಎಸೆತದಿಂದ ನೇರವಾಗಿ ಬರುವ ಚೆಂಡಿಗೆ ಆಫ್‌ಸೈಡ್ (ಎದುರಾಳಿ ಡಿಫೆಂಡರ್‌ಗಳನ್ನು ದಾಟಿ ಮುಂದೆ ನಿಂತು ಚೆಂಡು ಪಡೆಯುವ ತಪ್ಪು) ಇಲ್ಲ. ಗ್ಲೋದಿಸ್‌ಳಂಥ ಎತ್ತರದ ಡಿಫೆಂಡರ್‌ಗಳು ಕೀಪರ್ ಎದುರಿಗೇ ಹೋಗಿ ನಿಲ್ಲಬಹುದು. ಅವಕಾಶ ಕಡಿಮೆ ಸಿಗುವ ತಂಡಕ್ಕೆ ಪ್ರತಿ ಎಸೆತವೂ ಒಂದು ಕಾರ್ನರ್ ಇದ್ದ ಹಾಗೆ. ಮುಂದಿನ ಸಲ ಅವರ ಪಂದ್ಯ ನೋಡುವಾಗ, ಸ್ವೇಂದಿಸ್ ಚೆಂಡು ಹಿಡಿದು ಹಿಂದೆ ಸರಿದ ಕೂಡಲೇ ಆಕೆಯನ್ನು ಬಿಟ್ಟು ಎದುರಾಳಿ ಕೀಪರ್ ಎಲ್ಲಿ ನಿಂತಿದ್ದಾಳೆ, ಯಾರು ಆಕೆಯನ್ನು ಸುತ್ತುವರಿಯುತ್ತಿದ್ದಾರೆ ಅಂತ ನೋಡಿ ಬರೆದುಕೊಳ್ಳಿ.