ನೋವು ಒಂದು ಕಡೆ, ತೊಂದರೆ ಇನ್ನೊಂದು ಕಡೆ

"ಡಾಕ್ಟ್ರೇ, ನರ ನೋಡಿ, ಹೇಗೆ ಎದ್ದುಕೊಂಡಿದೆ" ಎಂದು ಕೈ ಮಗುಚಿ ತೋರಿಸುವವರು ವಾರಕ್ಕೆ ಒಬ್ಬಿಬ್ಬರಾದರೂ ಮಡಿಕೇರಿಯ ನನ್ನ ಕ್ಲಿನಿಕ್ಕಿಗೆ ಬರುತ್ತಾರೆ. ಅವರು ತೋರಿಸುವ ನೀಲಿ ಗೆರೆಗಳು ನರಗಳಲ್ಲ, ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಅಭಿಧಮನಿಗಳು. ದಿನವಿಡೀ ನಿಂತು ಕಾಫಿ ಕೊಯ್ಯುವ ಹೆಂಗಸರ ಮೀನಖಂಡದಲ್ಲಿ ಗಂಟುಗಂಟಾಗಿ ಉಬ್ಬುವುದೂ ಅವೇ. ಮುಷ್ಟಿ ಬಿಗಿದಾಗ ಮಣಿಕಟ್ಟಿನಲ್ಲಿ ತಂತಿಯಂತೆ ಎದ್ದು ಕಾಣುವುದು ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು. ಬೆಳಿಗ್ಗೆ ಕತ್ತು ಹಿಡಿದುಕೊಂಡಾಗ "ನರ ಎಳೆದಿದೆ" ಎನ್ನಿಸುವುದು ಬಹುಪಾಲು ಬರೀ ಸ್ನಾಯುಸೆಳೆತ. ಇಷ್ಟನ್ನೂ ನಮ್ಮ ಆಡುಮಾತಿನ ‘ನರ’ ಎಂಬ ಒಂದೇ ಪದ ಹೊತ್ತುಕೊಂಡಿದೆ. ಮಾತಿಗೆ ಅದರಿಂದ ತೊಂದರೆಯಿಲ್ಲ, ಚಿಕಿತ್ಸೆಗೆ ಇದೆ.

ನಿಜವಾದ ನರವು ಬಿಳಿಚಾದ ದಾರದಂತಿದ್ದು, ಹೆಚ್ಚಿನ ಕಡೆ ಮಾಂಸದ ಆಳದಲ್ಲಿ ಅಡಗಿರುತ್ತದೆ. ಬೆರಳಿಗೆ ಸುಲಭವಾಗಿ ಸಿಗುವ ಕೆಲವೇ ನರಗಳಲ್ಲಿ ಒಂದು ಮೊಣಕೈಯ ಒಳಬದಿಯಲ್ಲಿದೆ. ಅಲ್ಲಿ ಮೇಜಿನ ಅಂಚು ತಗಲಿದರೆ ಕರೆಂಟು ಹೊಡೆದಂತಾಗುವುದು ಎಲ್ಲರಿಗೂ ಗೊತ್ತು. ಆದರೆ ಆ ಕರೆಂಟು ಹೊಡೆಯುವುದು ಕಿರುಬೆರಳಿಗೆ ಎಂಬುದನ್ನು ಗಮನಿಸಿದವರು ಕಡಿಮೆ. ಪೆಟ್ಟು ಬಿದ್ದದ್ದು ಮೊಣಕೈಗೆ, ದೂರು ಬಂದದ್ದು ಕಿರುಬೆರಳಿನಿಂದ. ದಾರಿಯ ನಡುವೆ ಎಲ್ಲಿ ಮುಟ್ಟಿದರೂ ಮೆದುಳು ಆ ಸುದ್ದಿಯನ್ನು ದಾರಿಯ ಕೊನೆಯ ವಿಳಾಸಕ್ಕೇ ಬರೆದುಕೊಳ್ಳುತ್ತದೆ. ಆದ್ದರಿಂದಲೇ ನರರೋಗದ ಪರೀಕ್ಷೆಯಲ್ಲಿ ‘ಏನು ರೋಗ’ ಎಂಬ ಪ್ರಶ್ನೆಗಿಂತ ಮೊದಲು ‘ಎಲ್ಲಿ’ ಎಂಬ ಪ್ರಶ್ನೆ ಬರುತ್ತದೆ.

ಈ ವ್ಯವಸ್ಥೆಯ ಕೇಂದ್ರಭಾಗದಲ್ಲಿ ಮೆದುಳು ಮತ್ತು ಬೆನ್ನುಹುರಿ ಇವೆ. ಮೆದುಳಿನಿಂದ 12 ಜೊತೆ, ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಟು ದೇಹವನ್ನೆಲ್ಲ ಹರಡಿಕೊಂಡಿವೆ. ಎಲ್ಲದರ ಮೂಲ ಘಟಕ ನರಕೋಶ. ಇದರ ತಲೆ ಕಣ್ಣಿಗೆ ಕಾಣದಷ್ಟು ಚಿಕ್ಕದು, ಬಾಲ ಮಾತ್ರ ವಿಪರೀತ ಉದ್ದ: ಕಾಲಿನ ಹೆಬ್ಬೆರಳನ್ನು ಆಡಿಸುವ ಕೋಶವು ಬೆನ್ನುಹುರಿಯಲ್ಲಿ ಕುಳಿತು, ಸುಮಾರು ಒಂದು ಮೀಟರ್ ಉದ್ದದ ಎಳೆಯನ್ನು ಕೆಳಗೆ ಇಳಿಬಿಟ್ಟಿರುತ್ತದೆ. ಎಳೆಯ ಹೊರಪೊರೆಯಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳು ಒಳಹೊರಗೆ ಸರಿದಾಡುವುದರಿಂದ ಹುಟ್ಟುವ ವಿದ್ಯುತ್ ಅಲೆಯೇ ಅದರ ಸಂದೇಶ. ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುವ ದಪ್ಪ ಎಳೆಗಳಲ್ಲಿ ಈ ಅಲೆ ಸೆಕೆಂಡಿಗೆ 50 ಮೀಟರಿಗೂ ಹೆಚ್ಚು ದೂರ ಓಡುತ್ತದೆ. ಹೊದಿಕೆಯಿಲ್ಲದ ಸಣ್ಣ ಎಳೆಗಳಲ್ಲಿ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು ತೆವಳುತ್ತದೆ. ತೋಟದಲ್ಲಿ ಮರದ ಬೇರಿಗೆ ಕಾಲ್ಬೆರಳು ಎಡವಿದಾಗ ತಗಲಿದ್ದು ಆ ಕ್ಷಣವೇ ತಿಳಿದು, ಜೀವ ಹಿಂಡುವ ಉರಿ ಒಂದು ಗಳಿಗೆ ತಡೆದು ಬರುವುದು ಇದರಿಂದಲೇ. ಆ ನಡುವಿನ ಹೊತ್ತಿನಲ್ಲಿ "ಅಯ್ಯೋ, ಈಗ ನೋಯುತ್ತದೆ" ಎಂದುಕೊಳ್ಳಲು ಕೂಡ ಮೆದುಳಿಗೆ ಬಿಡುವು ಸಿಗುತ್ತದೆ.

ಕಾಳುಮೆಣಸಿನ ಕೊಯ್ಲು ಶುರುವಾಯಿತೆಂದರೆ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯಿಂದ ಬಿದ್ದವರನ್ನು ನೋಡಬೇಕಾಗುತ್ತದೆ. ಹತ್ತಿಯ ಎಳೆ ಮತ್ತು ಸೂಜಿಯ ತುದಿಯಿಂದ ಪಾದದಿಂದ ಮೇಲಕ್ಕೆ ಮುಟ್ಟುತ್ತಾ ಬಂದಾಗ, ಹೊಕ್ಕುಳದ ಮಟ್ಟದವರೆಗೂ ಏನೂ ತಿಳಿಯದೆ, ಅದರ ಮೇಲೆ ಒಮ್ಮೆಲೇ "ಈಗ ಚುಚ್ಚಿತು" ಎಂದರೆ, ಪೆಟ್ಟು ಬೆನ್ನುಹುರಿಯ ಎದೆಭಾಗದ ಹತ್ತನೆಯ ಮಟ್ಟದಲ್ಲಿದೆ ಎಂದು ಸ್ಕ್ಯಾನಿಗೆ ಮೊದಲೇ ಅಂದಾಜಿಸಬಹುದು. ಮೊಲೆತೊಟ್ಟಿನ ಗೆರೆ ನಾಲ್ಕನೆಯ ಮಟ್ಟ. ಹೀಗೆ ಚರ್ಮದ ಮೇಲೆ ಅಡ್ಡಪಟ್ಟಿಗಳಾಗಿ ಬೆನ್ನುಹುರಿಯ ನಕಾಶೆಯೇ ಬರೆದಿದೆ. ಬಿದ್ದವರನ್ನು ಇಬ್ಬರು ಕೈಕಾಲು ಹಿಡಿದೆತ್ತಿ ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸುವುದನ್ನು ಕಂಡಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಮುರಿದ ಮೂಳೆ ಒಂದಿಷ್ಟು ಜರುಗಿದರೂ ಬೆನ್ನುಹುರಿಯಲ್ಲಿ ಉಳಿದುಕೊಂಡಿದ್ದ ಎಳೆಗಳು ಆಗಲೇ ಹೋಗಬಹುದು. ಕತ್ತು, ಬೆನ್ನು ಒಂದೇ ಸಾಲಿನಲ್ಲಿ ಇರುವಂತೆ ಹಲಗೆಯ ಮೇಲೆ ಸಾಗಿಸಬೇಕು.

ಇದೇ ಬೆನ್ನುಹುರಿಯ ಬಗ್ಗೆ ಇರುವ ಒಂದು ಭಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೆನ್ನಿಗೆ ಸೂಜಿ ಹಾಕಿ ಬೆನ್ನುಹುರಿಯ ಸುತ್ತಲಿನ ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆ ಎಂದು ಎಷ್ಟೋ ಮನೆಯವರು ಒಪ್ಪಿಗೆ ಕೊಡುವುದಿಲ್ಲ. ವಯಸ್ಕರ ಬೆನ್ನುಹುರಿ ಸುಮಾರು 45 ಸೆಂಟಿಮೀಟರ್ ಉದ್ದವಿದ್ದು, ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಬಳಿಯೇ ಮುಗಿಯುತ್ತದೆ. ಅದರ ಕೆಳಗೆ ಇರುವುದು ಕುದುರೆಯ ಬಾಲದಂತೆ ನೀರಿನಲ್ಲಿ ತೇಲುವ ಬಿಡಿ ನರಗಳು. ನಾವು ಸೂಜಿ ಹಾಕುವುದು ಅಲ್ಲಿಗೆ.

ಪಾರ್ಶ್ವವಾಯುವಿನಲ್ಲಿ ವಿಳಾಸದ ಗೊಂದಲ ಇನ್ನೂ ದುಬಾರಿಯಾಗುತ್ತದೆ. ಮೆದುಳಿನಿಂದ ಇಳಿಯುವ ಆಜ್ಞೆಗಳ ದಾರಿಗಳಲ್ಲಿ ಹೆಚ್ಚಿನವು ಮೆದುಳುಕಾಂಡದ ಕೆಳತುದಿಯಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ. ಆದ್ದರಿಂದ ಬಲಗೈ ಸೋತು ಮಾತು ತೊದಲಿತೆಂದರೆ ಹೆಚ್ಚಾಗಿ ಕೆಟ್ಟಿರುವುದು ಎಡ ಮೆದುಳು. ಕೈಯಲ್ಲಿ ಯಾವ ದೋಷವೂ ಇಲ್ಲ. ಆದರೂ "ಕೈಯ ನರ ಬಿದ್ದಿದೆ" ಎಂದು ಎಣ್ಣೆ ಕಾಯಿಸಿ ಕೈಯನ್ನೇ ನೀವುತ್ತಾ ಮಧ್ಯಾಹ್ನದವರೆಗೆ ಕಾಯುತ್ತಾರೆ. ರಕ್ತದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಅವಕಾಶ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಅಷ್ಟರೊಳಗೆ ಘಟ್ಟದ ರಸ್ತೆ ಮುಗಿಸಿ, ಮೆದುಳಿನಲ್ಲಿ ರಕ್ತಸ್ರಾವವಾಗಿಲ್ಲ ಎಂದು ಸಿ.ಟಿ. ಸ್ಕ್ಯಾನಿನಲ್ಲಿ ಖಚಿತಪಡಿಸಿಕೊಳ್ಳಬೇಕು. ದೇಹದ ತೂಕದಲ್ಲಿ ಶೇಕಡಾ 2ರಷ್ಟೇ ಇರುವ ಮೆದುಳು ನಾವು ವಿಶ್ರಾಂತಿಯಲ್ಲಿದ್ದಾಗ ಬಳಸುವ ಆಮ್ಲಜನಕದ ಶೇಕಡಾ 20ರಷ್ಟನ್ನು ತಾನೇ ಬೇಡುತ್ತದೆ. ರಕ್ತ ನಿಂತರೆ ಅದು ಕಾಯುವುದಿಲ್ಲ.

ನರವು ಸ್ನಾಯುವನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ಕೂದಲಿಗಿಂತ ಎಷ್ಟೋ ಪಾಲು ಸಪೂರವಾದ ಸಂದು ಇದೆ. ವಿದ್ಯುತ್ ಅಲೆ ಇಲ್ಲಿಗೆ ಬಂದು ನಿಂತು, ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವಾಗಿ ಆಚೆ ದಾಟುತ್ತದೆ. ತೋಟದ ಎರಡು ದೊಡ್ಡ ಅಪಾಯಗಳಾದ ಹಾವಿನ ವಿಷ ಮತ್ತು ಕೀಟನಾಶಕ ಕೈಯಿಡುವುದು ಇದೇ ಸಂದಿಗೆ. ನಾಗರಹಾವಿನ ವಿಷ ಆಚೆ ದಡದ ಬಾಗಿಲುಗಳನ್ನು ಮುಚ್ಚುತ್ತದೆ. ಕಟ್ಟು ಹಾವಿನ ವಿಷ ಈಚೆ ದಡದ ನರತುದಿಯನ್ನೇ ಹಾಳುಮಾಡುತ್ತದೆ, ಅದು ಮತ್ತೆ ಚಿಗುರಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಎರಡೂ ಹಾವುಗಳ ವಿಷದಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಕಣ್ಣಿನ ರೆಪ್ಪೆ. ರಾತ್ರಿ ನೆಲದಲ್ಲಿ ಮಲಗಿದ್ದವರಿಗೆ ಕಟ್ಟು ಹಾವು ಕಚ್ಚಿದರೆ ನೋವೂ ಊತವೂ ಇಲ್ಲದಿರಬಹುದು; ಬೆಳಿಗ್ಗೆ ರೆಪ್ಪೆ ಜೋತು, ಮಾತು ಮೂಗಿನಿಂದ ಬರುವವರನ್ನು ನೋಡಿ ಕುಡಿದಿದ್ದಾರೆ ಎಂದುಕೊಂಡವರೂ ಇದ್ದಾರೆ. ಒಳಗಿನ ಮೆದುಳು ಪೂರ್ತಿ ಎಚ್ಚರವಾಗಿರುತ್ತದೆ, ಸುತ್ತಲಿನವರ ಮಾತೆಲ್ಲ ಕೇಳುತ್ತಿರುತ್ತದೆ. ಆರ್ಗನೊಫಾಸ್ಫೇಟ್ ಕೀಟನಾಶಕದ ಆಟ ಇದಕ್ಕೆ ತದ್ವಿರುದ್ಧ: ಕೆಲಸ ಮುಗಿದ ಅಸಿಟೈಲ್‌ಕೋಲಿನ್ನನ್ನು ಒಡೆದುಹಾಕುವ ಕಿಣ್ವವನ್ನೇ ಅದು ಕಟ್ಟಿಹಾಕುವುದರಿಂದ, ರಾಸಾಯನಿಕ ಸಂದಿಯಲ್ಲಿ ತುಂಬಿಕೊಂಡು ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಸಾಸಿವೆಯಂತೆ ಕಿರಿದಾದ ಕಣ್ಣಪಾಪೆ, ಸ್ನಾಯುಗಳಲ್ಲಿ ಮಿಡುಕಾಟ ಕಾಣಿಸಿಕೊಳ್ಳುತ್ತವೆ. ಕೊನೆಗೆ ಎರಡು ದಾರಿಯಲ್ಲೂ ಉಸಿರಾಟವೇ ನಿಲ್ಲಬಹುದು.

ನಮ್ಮ ಇಚ್ಛೆಗೆ ಒಳಪಡದ ಸ್ವಯಂಚಾಲಿತ ನರಗಳ ಬಗ್ಗೆ ಕೊಡಗಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಬೆಳಗಿನ ಮಂಜಿನಲ್ಲಿ ತೋಟದ ತಿರುವಿನಲ್ಲಿ ಆನೆ ಎದುರಾದಾಗ ಎದೆ ಹೊಡೆದುಕೊಂಡು, ಬಾಯಿ ಒಣಗಿ, ಹಸಿವು ಮಾಯವಾಗುವುದು ಅನುವೇದಕ ನರಗಳಿಂದ. ಮನೆ ಸೇರಿ ಕಾಫಿ ಕುಡಿದ ಮೇಲೆ ಎಲ್ಲವನ್ನೂ ಹದಕ್ಕೆ ತರುವುದು ಪರಾನುವೇದಕ ನರಗಳು.

ಕೊನೆಯದು ಮಳೆಗಾಲದ ಮಾತು. ಕಳೆದ ಜುಲೈನಲ್ಲಿ ಹಿರಿಯರೊಬ್ಬರು ಬಲ ಅಂಗಾಲಿನಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಬೊಬ್ಬೆಯೊಂದಿಗೆ ಬಂದರು. ಮಳೆಯಲ್ಲಿ ನೆನೆದು ಬಂದು ಒಲೆಯ ಮುಂದೆ ಕಾಲು ಕಾಯಿಸಿಕೊಂಡಿದ್ದರು, ಸುಟ್ಟದ್ದು ತಿಳಿದಿರಲಿಲ್ಲ. "ನೋವೇ ಇಲ್ಲ ಡಾಕ್ಟ್ರೇ, ಒಂದು ಮುಲಾಮು ಕೊಡಿ ಸಾಕು" ಎಂದರು. ಹದಿನೈದು ವರ್ಷದ ಸಕ್ಕರೆ ಕಾಯಿಲೆ ಮೊದಲು ಕೆಡಿಸುವುದು ಅತ್ಯಂತ ಉದ್ದದ ಎಳೆಗಳ ತುದಿಗಳನ್ನು, ಎಂದರೆ ಪಾದವನ್ನು. ಕಂಪನ ತಿಳಿಯುತ್ತದೆಯೇ ಎಂದು ನೋಡಲು ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಮಿಡಿದು ಕಾಲಿನ ಹೆಬ್ಬೆರಳಿನ ಮೇಲಿಟ್ಟೆ. ತಣ್ಣಗಿದೆ, ಅಷ್ಟೇ ಎಂದರು. ಹರಡಿನ ಮೂಳೆಯ ಮೇಲಿಟ್ಟೆ, ಅಲ್ಲಿಯೂ ಹಾಗೆಯೇ. ಮೊಣಕಾಲಿಗೆ ಬಂದಾಗ "ಹಾಂ, ಇಲ್ಲಿ ಗುಂಯ್ ಅಂತಿದೆ" ಎಂದು ತಲೆಯೆತ್ತಿ ನೋಡಿದರು. ನಂತರ ತಾವಾಗಿಯೇ ಎಡಗಾಲಿನ ಕಾಲುಚೀಲವನ್ನೂ ಕಳಚಿದರು.