ಭೇದಿಯಲ್ಲಿ ರಕ್ತ, ಸಿಡಿ4 ಐವತ್ತಕ್ಕಿಂತ ಕೆಳಗೆ: ಸಿಎಂವಿ ಕರುಳುಬೇನೆಯ ಹಿನ್ನೆಲೆ

1981ರ ಜೂನ್ 5ರಂದು ಲಾಸ್ ಏಂಜಲೀಸಿನ ಐವರು ಯುವಕರ ವಿಚಿತ್ರ ನ್ಯುಮೋನಿಯಾದ ವರದಿ ಹೊರಬಿತ್ತು. ಏಡ್ಸ್ ಜಗತ್ತಿಗೆ ಗೊತ್ತಾದದ್ದೇ ಹಾಗೆ. ಐವರಲ್ಲೂ ಸೈಟೋಮೆಗಲೋವೈರಸ್‌ನ (ಸಿಎಂವಿ) ಹಳೆಯ ಇಲ್ಲವೇ ಹೊಸ ಸೋಂಕಿತ್ತು. ನಮ್ಮಲ್ಲಿ ಬಹುಪಾಲು ಜನರಿಗೆ ಚಿಕ್ಕಂದಿನಲ್ಲೇ ತಗಲಿ ಮೈಯಲ್ಲಿ ಸುಮ್ಮನಿರುವ ವೈರಸ್ ಇದು. ಎಚ್‌ಐವಿ ಇರುವವರಲ್ಲಿ ಸಿಡಿ4 (ಎಚ್‌ಐವಿ ನಾಶಮಾಡುವ ರಕ್ಷಕ ಬಿಳಿರಕ್ತಕಣಗಳ ಎಣಿಕೆ) 50ಕ್ಕಿಂತ ಇಳಿದಾಗ ಮತ್ತೆ ಏಳುತ್ತದೆ. ಕರುಳಿನ ಸಣ್ಣ ರಕ್ತನಾಳಗಳ ಒಳಪದರಕ್ಕೆ ನುಗ್ಗಿ ರಕ್ತದ ಓಟ ತಡೆಯುವುದರಿಂದ ಹುಣ್ಣಾಗುತ್ತದೆ. ಹುಣ್ಣು ಆಳಕ್ಕಿಳಿದರೆ ಕರುಳೇ ತೂತಾಗಬಹುದು.

ಅಮೆರಿಕದಲ್ಲಿ 1987ರಲ್ಲಿ ಎಚ್‌ಐವಿಯ ಔಷಧ ಜಿಡೊವುಡಿನ್, 1989ರಲ್ಲಿ ಸಿಎಂವಿಯ ಔಷಧ ಗ್ಯಾನ್ಸಿಕ್ಲೊವಿರ್ ಒಪ್ಪಿಗೆ ಪಡೆದವು. ಪೇಚು ಶುರುವಾದದ್ದೇ ಆಮೇಲೆ: ಎರಡೂ ಮೂಳೆಮಜ್ಜೆಯನ್ನು ಕುಗ್ಗಿಸುವಂಥವು, ಒಟ್ಟಿಗೆ ಕೊಟ್ಟರೆ ಬಿಳಿರಕ್ತಕಣ ಕುಸಿಯುತ್ತಿತ್ತು. ರೋಗದ ದಿಕ್ಕು ಬದಲಿಸಿದ್ದು 1996ರ ಹೊತ್ತಿಗೆ ಬಂದ, ಹಲವು ಎಚ್‌ಐವಿ ಔಷಧ ಒಟ್ಟಿಗೆ ಕೊಡುವ ಸಂಯುಕ್ತ ಚಿಕಿತ್ಸೆ. ಭಾರತದಲ್ಲಿ ಉಚಿತ ಎಆರ್‌ಟಿ (ಎಚ್‌ಐವಿಯನ್ನು ಹತ್ತಿಕ್ಕುವ ಚಿಕಿತ್ಸೆ) 2004ರ ಏಪ್ರಿಲ್ 1ರಂದು ಆರಂಭವಾಯಿತು. ಸಿಡಿ4 ಎಷ್ಟೇ ಇರಲಿ ಮಾತ್ರೆ ಕೊಡುವ ನೀತಿ ಬಂದದ್ದು 2017ರಲ್ಲಿ. ಈಗಿನ ಟೆನೊಫೊವಿರ್-ಲ್ಯಾಮಿವುಡಿನ್-ಡೊಲುಟೆಗ್ರಾವಿರ್ ಮಾತ್ರೆಯಲ್ಲಿ ಮಜ್ಜೆಯ ಆ ತಕರಾರಿಲ್ಲ. ಆದರೆ ಟೆನೊಫೊವಿರ್ ಇರುವುದರಿಂದ ಕಿಡ್ನಿಯ ಮೇಲೆ ಕಣ್ಣಿಡಬೇಕು.

ಹಾಗಾಗಿ ಇಂದು ತುಮಕೂರು, ಕೋಲಾರದ ಕಡೆ ಈ ಬೇನೆ ಕಾಣಬಹುದಾದದ್ದು ಹೆಚ್ಚಾಗಿ ಮಾತ್ರೆ ಬಿಟ್ಟವರಲ್ಲಿ, ಇಲ್ಲವೇ ತೀರಾ ತಡವಾಗಿ ಪರೀಕ್ಷೆ ಮಾಡಿಸಿಕೊಂಡವರಲ್ಲಿ. ಜ್ವರ, ಹೊಟ್ಟೆನೋವು, ತೂಕ ಇಳಿತ, ರಕ್ತ ಬೆರೆತ ಭೇದಿ ಇದರ ಚಹರೆ. ಬರೀ ನೀರುಭೇದಿಯಾದರೆ ಮೊದಲು ಕ್ರಿಪ್ಟೋಸ್ಪೊರಿಡಿಯಂ, ಐಸೊಸ್ಪೊರಾ ಎಂಬ ಪರಾವಲಂಬಿ ಜೀವಿಗಳು ನೆನಪಾಗಬೇಕು. ಮಾಮೂಲಿ ಮಲಪರೀಕ್ಷೆಯಲ್ಲಿ ಅವು ತಪ್ಪಿಹೋಗುತ್ತವೆ, ಆ್ಯಸಿಡ್-ಫಾಸ್ಟ್ ಸ್ಟೇನ್ (ವಿಶೇಷ ಬಣ್ಣ ಹಾಕಿ ನೋಡುವ ಪರೀಕ್ಷೆ) ಎಂದೇ ಬರೆದು ಕಳಿಸಬೇಕು. ಕರುಳಿನ ಟಿಬಿಯನ್ನೂ ಮರೆಯುವಂತಿಲ್ಲ.

ಸಿಎಂವಿಯ ಐಜಿಜಿ (ಹಳೆಯ ಸೋಂಕಿಗೆ ಮೈ ತಯಾರಿಸಿದ ಪ್ರತಿಕಾಯ) ರಕ್ತಪರೀಕ್ಷೆಗೆ ಕೊಡುವ ದುಡ್ಡು ದಂಡ, ಆರೋಗ್ಯವಂತರಲ್ಲೂ ಅದು ಪಾಸಿಟಿವ್ ಬರುತ್ತದೆ. ಬೇಕಾದದ್ದು ಬಯಾಪ್ಸಿ, ಅಂದರೆ ಕರುಳಿನ ಚೂರು ತೆಗೆದು ಪರೀಕ್ಷಿಸುವುದು. ಹುಣ್ಣು ಬಲಗಡೆಯ ಕರುಳಿಗಷ್ಟೇ ಸೀಮಿತವಾಗಿರಬಹುದು, ಆದ್ದರಿಂದ ದೊಡ್ಡಕರುಳಿನ ಕೊನೆಯ ಭಾಗವನ್ನಷ್ಟೇ ಕೊಳವೆ ಹಾಕಿ ನೋಡುವ ಸಿಗ್ಮಾಯ್ಡೊಸ್ಕೋಪಿ ಸಾಲದು, ಇಡೀ ದೊಡ್ಡಕರುಳನ್ನು ನೋಡುವ ಪೂರ್ತಿ ಕೊಲೊನೊಸ್ಕೋಪಿಯೇ ಆಗಬೇಕು. ಹುಣ್ಣಿನ ಅಂಚಿನ ಜೊತೆಗೆ ತಳದಿಂದಲೂ ಹಲವು ಚೂರು ತೆಗೆದು ಫಾರ್ಮಲಿನ್‌ಗೆ ಹಾಕಬೇಕು. ವೈರಸ್ ಸಿಗುವುದು ಹೆಚ್ಚಾಗಿ ತಳದಲ್ಲೇ. ಸೂಕ್ಷ್ಮದರ್ಶಕದಡಿ ಉಬ್ಬಿದ ಕೋಶದ ನಡುವೆ ಗೂಬೆಗಣ್ಣಿನಂಥ ಗುಂಡು ಕಂಡರೆ ಅನುಮಾನಕ್ಕೆ ಎಡೆಯಿಲ್ಲ.

ಗ್ಯಾನ್ಸಿಕ್ಲೊವಿರ್ ಪ್ರಮಾಣ ಕೆಜಿಗೆ 5 ಮಿಗ್ರಾಂ, 12 ಗಂಟೆಗೊಮ್ಮೆ, ಒಂದು ಗಂಟೆ ಡ್ರಿಪ್‌ನಲ್ಲಿ: 50 ಕೆಜಿಯವರಿಗೆ ಸಲಕ್ಕೆ 250 ಮಿಗ್ರಾಂ. ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರಿಸುವ ರಕ್ತದ ಅಳತೆ) ಏರಿದ್ದರೆ ಔಷಧದ ಪ್ರಮಾಣ ಇಳಿಸಬೇಕು. ಪಾವಗಡದವರು ದಿನಕ್ಕೆ ಎರಡು ಸಲ ತುಮಕೂರಿಗೆ ಬಂದುಹೋಗಲಾರರು, ದಾಖಲಾಗಲೇಬೇಕು. ಊಟ ದಕ್ಕುವಂತಾದ ಮೇಲೆ ಅದರ ಮಾತ್ರೆಯ ರೂಪವಾದ ವ್ಯಾಲ್‌ಗ್ಯಾನ್ಸಿಕ್ಲೊವಿರ್ 900 ಮಿಗ್ರಾಂ, ದಿನಕ್ಕೆರಡು, ಊಟದ ಜೊತೆ. ಒಟ್ಟು 3ರಿಂದ 6 ವಾರ. ಆರಂಭದಲ್ಲಿ ರಕ್ತಕಣಗಳ ಎಣಿಕೆ, ಕ್ರಿಯಾಟಿನಿನ್ ವಾರಕ್ಕೆರಡು ಸಲ. ಕಣ್ಣಿನ ರೆಟಿನಾವನ್ನೂ ತೋರಿಸಬೇಕು, ಅದೇ ವೈರಸ್ ಅಲ್ಲೂ ಕೂತಿರಬಹುದು.

ಎಆರ್‌ಟಿಯನ್ನು ವಾರಗಟ್ಟಲೆ ಮುಂದೂಡಬಾರದು. ರಕ್ತಹೀನತೆಗೆ ಬರೆದ ಕಬ್ಬಿಣದ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ಎಆರ್‌ಟಿ ಮಾತ್ರೆಯ ಜೊತೆಗೇ ನುಂಗಿದರೆ ಡೊಲುಟೆಗ್ರಾವಿರ್ ಮೈಗೆ ಹತ್ತುವುದಿಲ್ಲ. ಎಆರ್‌ಟಿ ಮಾತ್ರೆ ನುಂಗಿ 2 ಗಂಟೆಯಾದ ಮೇಲೆ ಕಬ್ಬಿಣ ತೆಗೆದುಕೊಳ್ಳಬೇಕು.